ಬಂದು ಕುಂತೀನ್ರಿ

ಹೋದ ತಿಂಗಳು ತಂಗಿಯ ಬಸುರಿ ಮಗಳ ಕುಬಸಕ್ಕೆ ಬಳೆ ತರಲು ಜತ್ತ ಪೇಟೆಗೆ ಹೋಗಿದ್ದೆ. ಅಂಗಡಿಯ ಹೆಂಗಸು ದಾರ ಬಿಚ್ಚುವಾಗ ಒಂದು ಹಸಿರು ಗಾಜಿನ ಬಳೆ ಕೈಜಾರಿ ಫರಸಿ ಕಲ್ಲಿನ ಮೇಲೆ ಬಿದ್ದು ಚೂರಾಯಿತು. “ಅಯ್ಯ, ಹೆಚ್ಚಾತ ನೋಡ್ರಿ” ಅಂದಳು ಆಕೆ, ಚೂರುಗಳನ್ನು ಕಾಗದದಿಂದ ಬದಿಗೆ ಸರಿಸುತ್ತಾ. ಅವಳಿಗೆ ಅದು ದಿನದ ಮಾತು. ನನಗೆ ಮಾತ್ರ ಮೈ ಜುಮ್ಮೆಂದಿತು. “ಯಾಕಕ್ಕ, ಏನಾತು?” ಅಂದಳು ತಂಗಿ. ಹೇಳಲು ಹೊರಟರೆ ಅಂಗಡಿ ಮುಚ್ಚುವ ಹೊತ್ತಾಗುತ್ತಿತ್ತು, ಏನಿಲ್ಲ ಬಿಡು ಅಂದೆ.

ನಮ್ಮ ಕಡೆ ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಡಬ್ಬಿಯಲ್ಲಿ ಹಿಟ್ಟು ಮುಗಿದರೂ ನಮ್ಮವ್ವ “ಹಿಟ್ಟ ಹೆಚ್ಚಾಗೈತಿ, ಬೀಸಿಸ್ಕೊಂಡ ಬಾ” ಅನ್ನುತ್ತಿದ್ದಳು. ದೂರದ ಊರಿನ ಬೀಗರೊಬ್ಬರು ಇದನ್ನು ಕೇಳಿ, ಹೆಚ್ಚಾಗಿದ್ದರೆ ನಮಗೂ ನಾಲ್ಕು ಸೇರು ಕೊಡಿ ಅಂದಿದ್ದರಂತೆ. ಕೆಟ್ಟದ್ದನ್ನು ಬಾಯಿಂದ ಆಡಬಾರದು, ಆಡಿದರೆ ಮೇಲೆ ಅಡ್ಡಾಡುವ ಅಸ್ತು ದೇವತೆಗಳು ‘ಅಸ್ತು’ ಅಂದುಬಿಡುತ್ತಾರೆ ಎಂಬ ಹೆದರಿಕೆ. ಮರಾಠಿ ಮಂದಿಯೂ ಹೀಗೇ ಅನ್ನುವುದರಿಂದ ಮಹಾರಾಷ್ಟ್ರದ ಗಡಿಯ ನಮ್ಮ ಜತ್ತಿನಲ್ಲಿ ಯಾರಿಗೂ ಇದನ್ನು ಬಿಡಿಸಿ ಹೇಳುವ ಕಾರಣ ಬರುವುದಿಲ್ಲ. ಒಂದು ಸಲ ಬಂತು. ಎರಡು ಸಾವಿರದ ಐದೋ ಆರೋ ಇರಬೇಕು, ಹಿಂಗಾರಿ ಮಳೆಯ ಕಾಲ.

ಆಗ ನಾನು ಹತ್ತಿರದ ಹಳ್ಳಿ ಶೇಗಾಂವದಿಂದ ದಿನಾ ಬಸ್ಸಿನಲ್ಲಿ ಬಂದು ಜತ್ತಿನ ಒಂದು ಸೈಬರ್ ಕೆಫೆ ನೋಡಿಕೊಳ್ಳುತ್ತಿದ್ದೆ. ಕೆಫೆ ಅಂದರೆ ನಾಲ್ಕು ಕಂಪ್ಯೂಟರು, ಪ್ಲೈವುಡ್ಡಿನ ಅಡ್ಡಗೋಡೆ, ಒಂದು ಫೋನು, ಕರೆಂಟು ಹೋದಾಗ ಸ್ವಲ್ಪ ಹೊತ್ತು ಎಳೆಯುವ ಬ್ಯಾಟರಿ. ಲೋಡ್‌ಶೆಡ್ಡಿಂಗು ನಮ್ಮ ಅತ್ತೆಮನೆಯವರ ಸಿಟ್ಟಿನ ಹಾಗೆ, ಬಂದರೆ ಇಷ್ಟೇ ಹೊತ್ತು ಎಂದು ಹೇಳುವಂತಿರಲಿಲ್ಲ. ಗಿರಾಕಿ ಬರುತ್ತಿದ್ದದ್ದು ಹತ್ತನೆತ್ತಿ, ಹನ್ನೆರಡನೆತ್ತಿ ಪರೀಕ್ಷೆಯ ನಿಕಾಲು ಹೊರಬೀಳುವ ದಿನ, ಇಲ್ಲವೇ ಪೊಲೀಸ್ ಭರ್ತಿಯ ಅರ್ಜಿ ಬಂದಾಗ. ಉಳಿದ ದಿನ ನೊಣ ಹೊಡೆಯುವ ಕೆಲಸ. ಆ ಖಾಲಿ ಹೊತ್ತಿನಲ್ಲೇ ನನಗೆ ‘ಕಟ್ಟೆ’ ಸಿಕ್ಕಿತು.

ಕಟ್ಟೆ ಅನ್ನುವುದು ಕನ್ನಡಿಗರು ಕೂಡಿ ಬರೆಯುವ ಒಂದು ಜಾಲತಾಣ. ಒಬ್ಬರು ಒಂದು ಮಾತು ಬರೆದರೆ ಅದರ ಕೆಳಗೆ ಉಳಿದವರು ಸಾಲಾಗಿ ಉತ್ತರ ಬರೆಯುವುದು, ನಿಜವಾದ ಕಟ್ಟೆಯಲ್ಲಿ ಮಾತಿಗೆ ಮಾತು ಬೆಳೆದ ಹಾಗೆ. ನಾನು ಮೊದಲ ದಿನ ‘ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುತ್ತೀರಾ’ ಎಂದು ಬರೆದೆ. ಚಹಾ ಕುಡಿದು ಬರುವಷ್ಟರಲ್ಲಿ ದುಬೈಯ ಒಬ್ಬ ನರ್ಸಮ್ಮ, ಮಡಿಕೇರಿಯ ಒಬ್ಬ ಹುಡುಗ, ಇನ್ನೆಲ್ಲೋ ಹಿಮ ಬೀಳುವ ಊರಿನ ಒಬ್ಬರು ಉತ್ತರ ಕೊಟ್ಟಿದ್ದರು. ನಮ್ಮ ಜಿಲ್ಲೆಯ ಊರು ಸಾಂಗಲಿಗೆ ಹೋಗಿ ಬರಲು ಒಂದು ದಿನ ಹಿಡಿಯುತ್ತಿದ್ದ ಊರಿನವಳು ನಾನು. ನನ್ನ ರೊಟ್ಟಿ ಅಷ್ಟು ದೂರ ಹೋಗಿ ಬಂದದ್ದನ್ನು ನೋಡುತ್ತಾ ಬಾಯಿ ತೆರೆದುಕೊಂಡು ಕೂತಿದ್ದೆ. ಆ ಬೆರಗು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕಟ್ಟೆಯಲ್ಲಿ ‘ನಮ್ಮೂರ ಮಾತು’ ಎಂಬ ಒಂದು ವಿಭಾಗವಿತ್ತು. ಅವರವರ ಊರಿನ ನುಡಿಯಲ್ಲೇ ಬರೆಯಬೇಕೆಂಬುದು ಅಲ್ಲಿನ ಕಟ್ಟಳೆ. ಖಾಲಿ ಕೂತವಳೆಂದು ಗೊತ್ತಾಗಿ ನನ್ನನ್ನೇ ಅದರ ಮಾಡರೇಟರ್ ಮಾಡಿದರು. ಬೈಗುಳ ಕಂಡರೆ ತೆಗೆಯುವುದು, ಎರಡೆರಡು ಸಲ ಬಿದ್ದ ಬರಹವನ್ನು ಒಂದು ಮಾಡುವುದು, ಒತ್ತಕ್ಷರ ಒಡೆದು ಚೌಕ ಚೌಕ ಕಾಣುವುದನ್ನು ಸರಿಪಡಿಸುವುದು, ಗಡಿ ವಿಚಾರ ಬಂದು ಜಗಳ ಹತ್ತಿದರೆ ಬೀಗ ಹಾಕುವುದು. ಪಕ್ಕದಲ್ಲಿ ಬಳೆ ಅಂಗಡಿ ಇಟ್ಟಿದ್ದ ಖೈರುನ್ ಚಾಚಿಗೆ ಇದನ್ನೆಲ್ಲ ವಿವರಿಸಿದೆ. “ಅಂದ್ರ ಸಾಲಿ ಮಾನಿಟ್ರಾ? ಪಗಾರ ಎಷ್ಟು?” ಅಂದಳು. ಪಗಾರ ಇಲ್ಲ ಅಂದೆ. “ಯಾ ಅಲ್ಲಾ, ಪುಕಟ ಪೌಜದಾರಕಿ!” ಎಂದು ನಕ್ಕಳು.

ನನ್ನ ವಿಭಾಗದ ರತ್ನವೆಂದರೆ ‘ತಿಕೋಂಡ್ಯಾಂವ’. ಹೆಸರು ಮಲ್ಲಪ್ಪ, ನಮ್ಮ ತಾಲೂಕಿನ ತಿಕೋಂಡಿಯವನು, ಕೊಲ್ಲಿಯ ಕಡೆ ಒಂದು ಬಂದರಿನಲ್ಲಿ ವೆಲ್ಡರ್. ಶುಕ್ರವಾರ ಸುಟಿ, ಅಂದು ಮಾತ್ರ ಪೇಟೆಗೆ ಬಂದು ಕಟ್ಟೆಗೆ ಬರುತ್ತಿದ್ದ. ಅವನ ಕೋಣೆಯಲ್ಲಿ ಕನ್ನಡದವರು ಒಬ್ಬರೂ ಇರಲಿಲ್ಲ. ಬರೆಯುತ್ತಿದ್ದದ್ದೆಲ್ಲ ಅವರಪ್ಪನ ಸುದ್ದಿ, ಅಪ್ಪನ ಕುರಿಗಳ ಸುದ್ದಿ. ಅಪ್ಪ ಯಾವ ಕುರಿಗೆ ಯಾವ ಹೆಸರಿಟ್ಟಿದ್ದಾನೆ, ಮಳೆ ಬರುವುದನ್ನು ಟಗರು ಹೇಗೆ ಹೇಳುತ್ತದೆ, ಇಂಥವು. ಒಮ್ಮೆ ಅಪ್ಪ ಹಿಂಡು ತಿರುಗಿಸುವ ಕೂಗನ್ನು ಅಕ್ಷರದಲ್ಲಿ ಬರೆದ. ‘ಹುರ್ರ್ರ್ರ್ ಹಾಃ ಹುರ್ರ್ರ್ರ್’ ಎಂದು ಮೂರು ಸಾಲು. ಅರ್ಥವಿಲ್ಲದ ಅಕ್ಷರ ಎಂದು ಯಂತ್ರ ಅದನ್ನು ತಾನೇ ಕಿತ್ತುಹಾಕಿತು. ನಾನು ಕಸದ ಬುಟ್ಟಿಯಿಂದ ಎತ್ತಿ ತಂದು ಮತ್ತೆ ಇಟ್ಟೆ. ಆಮೇಲೆ ಕಟ್ಟೆಯವರೆಲ್ಲ ಒಬ್ಬರಿಗೊಬ್ಬರು ನಮಸ್ಕಾರದ ಬದಲು ‘ಹುರ್ರ್’ ಅನ್ನಲು ಶುರುಮಾಡಿದರು.

ಒಬ್ಬರನ್ನು ಬಿಟ್ಟು. ಮೈಸೂರಿನ ನಿವೃತ್ತ ಕನ್ನಡ ಅಧ್ಯಾಪಕರು, ‘ಮೇಷ್ಟ್ರು’ ಎಂಬ ಹೆಸರಿನಲ್ಲೇ ಬರೆಯುತ್ತಿದ್ದರು. ಪ್ರತಿ ಬರಹದ ಮೂಲೆಯಲ್ಲಿ ‘ದೂರು ನೀಡಿ’ ಎಂಬ ಗುಂಡಿ ಇರುತ್ತಿತ್ತಲ್ಲ, ಅದನ್ನು ಮಲ್ಲಪ್ಪನ ಪ್ರತಿ ಬರಹಕ್ಕೂ ಒತ್ತುತ್ತಿದ್ದರು. ‘ಕುಂತೀನಿ’ ತಪ್ಪು, ‘ಕುಳಿತಿದ್ದೇನೆ’ ಸರಿ. ‘ಐತಿ’ ತಪ್ಪು, ‘ಇದೆ’ ಸರಿ. ಮಾಡರೇಟರ್ ದಯವಿಟ್ಟು ತಿದ್ದತಕ್ಕದ್ದು. ತಿದ್ದುವ ಅಧಿಕಾರ ನನಗೆ ಇತ್ತು, ಒಂದು ಗುಂಡಿಯ ಕೆಲಸ. ನನಗೆ ಸಿಟ್ಟು ಬಂದು ಕಟ್ಟೆಯ ನೆತ್ತಿಯ ಮೇಲೆ ಒಂದು ನಿಯಮ ಬರೆದು ಮೊಳೆ ಹೊಡೆದೆ: ಇಲ್ಲಿ ಯಾರ ಮಾತನ್ನೂ ಇನ್ನೊಬ್ಬರು ತಿದ್ದುವಂತಿಲ್ಲ, ಅವರವರದನ್ನು ಅವರವರೇ ತಿದ್ದಿಕೊಳ್ಳಬೇಕು. ಮೇಷ್ಟ್ರು ಅದರ ಕೆಳಗೂ ಒಂದು ಕಾಗುಣಿತದ ತಪ್ಪು ತೋರಿಸಿದರು, ದೂರು ಒತ್ತುವುದನ್ನೂ ಬಿಡಲಿಲ್ಲ.

ಆ ವರ್ಷ ಉತ್ತರಿ ಮಳೆ ಬಿಡದೆ ಹೊಡೆಯಿತು. ನಮ್ಮ ಕಡೆ ಮಳೆ ಅಂದರೆ ಪದೇ ಪದೇ ಬರುವ ನೆಂಟನಲ್ಲ, ಬಂದರೆ ಊರೇ ಹೊರಗೆ ನಿಂತು ನೋಡುತ್ತದೆ. ಬಿಳಿಜೋಳ ಬಿತ್ತಲು ಕಾದಿದ್ದವರ ಮುಖ ಅರಳಿತ್ತು. ಆದರೆ ರಸ್ತೆಬದಿ ಅಗೆದಿದ್ದ ತಗ್ಗಿಗೆ ನೀರು ತುಂಬಿ ಫೋನಿನ ವೈರು ಕೆಟ್ಟು, ಶನಿವಾರದಿಂದ ಸೋಮವಾರದವರೆಗೆ ನನ್ನ ಕಂಪ್ಯೂಟರುಗಳು ಬರೀ ಗಡಿಯಾರ ತೋರಿಸುತ್ತಾ ಕೂತವು. ಮಂಗಳವಾರ ಲೈನು ಬಂತು. ಕಟ್ಟೆ ತೆರೆದೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಹೆಚ್ಚು ಉತ್ತರ ಬಂದ ಬರಹ ತಿಕೋಂಡ್ಯಾಂವನದು. ಶುಕ್ರವಾರ ನಾನು ಬಸ್ಸು ಹಿಡಿದ ಮೇಲೆ ಬರೆದದ್ದು, ನಾಲ್ಕೇ ಸಾಲು.

‘ನಿನ್ನಿ ಊರಿಂದ ಫೋನ ಬಂದಿತ್ತು. ನಮ್ಮನಿ ದೀಪ ದೊಡ್ಡದಾತು. ಅವ್ವನ ಕೈಯಾನ ಬಳಿ ಹೆಚ್ಚಾದೂ. ನಾ ಇಲ್ಲೇ ಅದೀನಿ.’

ನಾಲ್ಕೂ ಸಾಲನ್ನು ಮತ್ತೊಮ್ಮೆ ಓದಿದೆ. ಅಪ್ಪ ಹೋಗಿದ್ದ. ಕೆಳಗೆ ಓದುತ್ತಾ ಹೋದೆ, ಪುಟ ಇಳಿದಷ್ಟೂ ನನ್ನ ಜೀವ ಇಳಿಯಿತು.

‘ಅಭಿನಂದನೆಗಳು!! ಗಂಡೋ ಹೆಣ್ಣೋ?’ ‘ಸ್ವೀಟ್ ಎಲ್ಲಿ ಗುರೂ?’ ‘ಅಮ್ಮನಿಗೆ ಹೊಸ ಬಳೆ! ಸೂಪರ್!’ ‘ಅಜ್ಜನಿಗೆ ಹುರ್ರ್ ಅನ್ನೋಕೆ ಇನ್ಮೇಲೆ ಮೊಮ್ಮಗ ಸಿಕ್ಕ!’ ಒಂದೊಂದರ ಪಕ್ಕದಲ್ಲೂ ಹಲ್ಲು ಕಿಸಿದು ಕುಣಿಯುವ ಹಳದಿ ಮುಖಗಳು. ಮೇಷ್ಟ್ರು ಮೊದಲ ಬಾರಿಗೆ ದೂರು ಕೊಡದೆ, ವಂಶದ ದೀಪ ಬೆಳಗಲಿ ಎಂದು ಪ್ರಾಸಬದ್ಧವಾಗಿ ನಾಲ್ಕು ಸಾಲು ಹರಸಿದ್ದರು. ಎಲ್ಲರೂ ಒಳ್ಳೆಯವರೇ, ಎಲ್ಲರೂ ಸಂತೋಷಪಟ್ಟವರೇ. ಸತ್ತವರ ಮನೆಗೆ ವಾಲಗ ಊದಿಸಿಕೊಂಡು ಬಂದಿದ್ದರು.

ಚಾಚಿಯನ್ನು ಕೂಗಿದೆ. ಆಕೆ ವಾರಕ್ಕೊಂದೆರಡು ದಿನ ಬಳೆಯ ಮಲಾರ ಹೊತ್ತು ಊರೂರು ತಿರುಗುವವಳು, ತಿಕೋಂಡಿಯೂ ಅವಳ ದಾರಿಯಲ್ಲಿತ್ತು. ಓದಿ ಹೇಳಿದೆ. “ಹೌದವಾ, ಕುರಿ ಮನಿ ಮುತ್ಯಾ. ಗುರುವಾರ ಮುಂಜಾನಿ ಆತು. ನಾ ಆ ಓಣಿ ಹೊಕ್ಕಾಕಿ ಅಳು ಕೇಳಿ ಬುಟ್ಟಿ ಮುಚಗೊಂಡ ಹೊಳ್ಳಿ ಬಂದೀನಿ. ಮಗಾ ದೂರ ಅದಾನ, ಮಣ್ಣಿಗೂ ಬರೂದ ಆಗಂಗಿಲ್ಲ ಅಂತ ಮಂದಿ ಅನ್ನಾಕತ್ತಿತ್ತು” ಅಂದಳು. ಆ ಮಗ ಇವನೇ ಎಂದೆ. ಪರದೆಯ ಮೇಲಿನ ಹಳದಿ ಮುಖಗಳನ್ನು ನೋಡಿ, “ಇವ್ಯಾಕ ನಗಾಕತ್ತಾವು?” ಎಂದು ಕೇಳಿದಳು.

ಶುಕ್ರವಾರ ಅವನು ಬರುತ್ತಾನೆ. ಒಂದು ವಾರ ಅಪ್ಪನ ಸಾವನ್ನು ಒಬ್ಬನೇ ಹೊತ್ತುಕೊಂಡು, ಕನ್ನಡದ ಒಂದು ಮುಖ ಕಾಣಲು ಬಂದವನ ಕಣ್ಣಿಗೆ ಈ ಪುಟ ಬೀಳುತ್ತದೆ. ಅಷ್ಟರೊಳಗೆ ಏನಾದರೂ ಆಗಬೇಕು.

ಕಟ್ಟೆಯ ಸರ್ವರು ನಡೆಸುತ್ತಿದ್ದವರು ಉಡುಪಿಯ ಒಬ್ಬ ಬ್ಯಾಂಕ್ ನೌಕರರು, ನಾವೆಲ್ಲ ಅಡ್ಮಿನ್ ಅನ್ನುತ್ತಿದ್ದೆವು. ಕೆಫೆಯ ಫೋನಿನಿಂದಲೇ ಅವರಿಗೆ ಫೋನು ಹಚ್ಚಿದೆ. ಕೇಳಿ ಅವರೂ ಗಾಬರಿಯಾದರು. “ಅಯ್ಯೋ ಮಾರಾಯ್ರೆ, ಎಂತ ಆಗಿ ಹೋಯ್ತು! ಕೆಳಗಿನದ್ದೆಲ್ಲ ಡಿಲೀಟ್ ಮಾಡಿ ಬಿಡಿ, ಒಂದೇ ಬಟನ್ ಅಲ್ವಾ? ಅವರು ಬರುವಾಗ ಏನೂ ಇರುವುದಿಲ್ಲ.”

“ಏನೂ ಇರಂಗಿಲ್ಲಲ್ರಿ, ಅದಽ ತ್ರಾಸು” ಅಂದೆ. “ಅಪ್ಪ ಸತ್ತಾನಂತ ಹೇಳಿ ಒಂದ ವಾರ ಆದರೂ ಮಾತಾಡ್ಸಾಕ ಒಬ್ಬರೂ ಬಂದಿಲ್ಲಂದ್ರ ಅಂವಗ ಹೆಂಗ ಅನಸ್ತೈತಿ?”

ಸಾವಾದ ಮನೆಗೆ ಹೋಗುವುದಕ್ಕೆ ನಮ್ಮಲ್ಲಿ ‘ಮಾತಾಡಿಸಲು ಹೋಗುವುದು’ ಎನ್ನುತ್ತಾರೆ. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಮನೆಯವರು ಜನ್ಮವಿಡೀ ಮರೆಯುವುದಿಲ್ಲ. ಕಟ್ಟೆಯಲ್ಲಿ ಬರೆದದ್ದನ್ನು ಬರೆದವರು ಅದೇ ದಿನ ಮಾತ್ರ ತಿದ್ದಬಹುದಿತ್ತು, ಆಮೇಲೆ ಅದಕ್ಕೆ ತಾನಾಗಿ ಬೀಗ ಬೀಳುತ್ತಿತ್ತು. ಈ ಒಂದು ಪುಟಕ್ಕೆ ಆ ಬೀಗ ತೆಗೆಯಿರಿ, ಅವರವರೇ ತಿದ್ದಿಕೊಳ್ಳಲಿ ಎಂದು ಅಡ್ಮಿನ್ನರನ್ನು ಕೇಳಿಕೊಂಡೆ. “ಅವರು ತಿದ್ದದಿದ್ದರೆ?” ಅಂದರು. ಕೇಳಿ ನೋಡುತ್ತೇನೆ ಅಂದೆ. “ಆಯ್ತು, ತೆಗೀತೇನೆ. ಗುರುವಾರ ರಾತ್ರಿಗೆ ಉಳಿದದ್ದನ್ನು ನಾನೇ ಅಳಿಸುದು” ಅಂದರು.

ಉತ್ತರ ಬರೆದಿದ್ದ ಪ್ರತಿಯೊಬ್ಬರಿಗೂ ಖಾಸಗಿಯಾಗಿ ಒಂದೊಂದು ಸಂದೇಶ ಕಳಿಸಿದೆ. ನಮ್ಮ ಕಡೆ ದೀಪ ದೊಡ್ಡದಾಯಿತು ಅಂದರೆ ಇದು, ಬಳೆ ಹೆಚ್ಚಾದವು ಅಂದರೆ ಇದು, ನೀವು ತಿಳಿದು ಬರೆದದ್ದಲ್ಲ, ದಯವಿಟ್ಟು ನಿಮ್ಮ ಮಾತನ್ನು ನೀವೇ ಬದಲಿಸಿ. ಮೊದಲು ಮರುಮಾತು ಬಂದದ್ದು ದುಬೈಯ ನರ್ಸಮ್ಮನಿಂದ. ‘ನಿಮ್ಮ ಸಂದೇಶ ಓದಿದೆ. ಅಳಿಸಿ ಏನು ಬರೆಯಲಿ ಹೇಳಿ? ನಿಮ್ಮಲ್ಲಿ ಏನನ್ನುತ್ತಾರೆ?’ ಆಮೇಲೆ ಬಂದ ಎಲ್ಲರದೂ ಅದೇ ಪ್ರಶ್ನೆ. ಚಾಚಿಯನ್ನು ಕೇಳಿದೆ.

“ಸತ್ತ ಮನ್ಯಾಗ ಏನ ಅಂತಾರ ಶೈಲಾ? ಏನೂ ಅನ್ನಂಗಿಲ್ಲ. ಹೋಗೂದು, ಕುಂದ್ರೂದು. ಅವರ ಅತ್ತರ ನಮಗೂ ಬರ್ತೈತಿ. ಏಳುವಾಗ ‘ಬರ್ತೀನಿ’ ಅನಬಾರದು, ಸುಮ್ನ ಎದ್ದ ಬರೂದು” ಅಂದಳು. ಅದು ನನಗೂ ಗೊತ್ತಿದ್ದದ್ದೇ, ನಮ್ಮಜ್ಜ ಹೋದಾಗ ಓಣಿಯವರೆಲ್ಲ ಬಂದು ಕೂತಿದ್ದರು. ಆದರೆ ಕಂಪ್ಯೂಟರಿನಲ್ಲಿ ಸುಮ್ಮನೆ ಕೂಡುವುದು ಹೇಗೆ? ಬರೀ ಚುಕ್ಕೆ ಇಟ್ಟು ಕಳಿಸಲು ನೋಡಿದೆ. ‘ನಿಮ್ಮ ಬರಹ ತೀರಾ ಚಿಕ್ಕದಾಗಿದೆ, ಕನಿಷ್ಠ ಐದು ಅಕ್ಷರ ಬರೆಯಿರಿ’ ಎಂದಿತು ಯಂತ್ರ. ದುಃಖ ಬಂದಾಗಲೂ ಲೆಕ್ಕ ಬಿಡದ ಜಾತಿ. ಕೊನೆಗೆ ನರ್ಸಮ್ಮನಿಗೆ ಚಾಚಿಯ ಮಾತನ್ನೇ ಬರೆದು ಕಳಿಸಿದೆ: ಏನೂ ಅನ್ನುವುದಿಲ್ಲ, ಬಂದು ಕೂಡುತ್ತೇವೆ ಅಷ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು, ಬ್ಯಾಟರಿಯೂ ಕೈಕೊಟ್ಟಿತು.

ಬುಧವಾರ ಮಧ್ಯಾಹ್ನ ಕರೆಂಟು ಬಂದಾಗ ಪುಟ ತೆರೆದೆ. ಆಗಿನ ಲೈನಿನಲ್ಲಿ ಪುಟ ಮೇಲಿನಿಂದ ಒಂದೊಂದೇ ಗೇಣು ಇಳಿಯುತ್ತಿತ್ತು. ಮಲ್ಲಪ್ಪನ ನಾಲ್ಕು ಸಾಲು ಬಂದವು. ಅದರ ಕೆಳಗೆ ‘ಅಭಿನಂದನೆಗಳು’ ಇದ್ದ ಜಾಗದಲ್ಲಿ ನರ್ಸಮ್ಮನ ಹೆಸರು, ಎರಡೇ ಶಬ್ದ:

‘ಬಂದು ಕುಂತೀನ್ರಿ.’

ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಬರೆದವರೇ ತಿದ್ದಿದ್ದಾರೆ’. ಮಲ್ಲಪ್ಪನ ಹಳೆಯ ಬರಹಗಳನ್ನೆಲ್ಲ ಹುಡುಕಿ ಅವನದೇ ‘ಕುಂತೀನಿ’ಯನ್ನು ಎತ್ತಿಕೊಂಡಿದ್ದಳು ಪುಣ್ಯಾತ್ಗಿತ್ತಿ. ಪುಟ ಇನ್ನೊಂದು ಗೇಣು ಇಳಿಯಿತು. ಮಡಿಕೇರಿಯ ಹುಡುಗ, ‘ನಾನೂ ಬಂದು ಕುಂತೀನ್ರಿ.’ ಮೊಮ್ಮಗ ಎಂದು ಬರೆದಿದ್ದವನು, ‘ಬಂದು ಕೂತ್ಕೊಂಡಿದೀನ್ರಿ.’ ಅವನಿಗೆ ಅಷ್ಟೇ ಬಂದಿತ್ತು. ಹಿಮದ ಊರಿನವರು ಇಂಗ್ಲಿಷ್ ಅಕ್ಷರದಲ್ಲಿ ಅದನ್ನೇ ಬರೆದಿದ್ದರು. ಹಳದಿ ಮುಖಗಳು ಒಂದೊಂದಾಗಿ ಎದ್ದು ಹೋಗಿದ್ದವು. ನಾನು ಮತ್ತೆ ಮತ್ತೆ ಪುಟವನ್ನು ಹೊಸದು ಮಾಡಿದೆ, ಪ್ರತಿ ಸಲ ಇನ್ನೊಬ್ಬರು ಬಂದು ಕೂತಿರುತ್ತಿದ್ದರು. ಎಂದೂ ಒಂದಕ್ಷರ ಬರೆಯದೆ ಬರೀ ಓದಿಕೊಂಡು ಹೋಗುವವರು ಕಟ್ಟೆಯಲ್ಲಿ ಬಹಳ ಮಂದಿ ಇದ್ದರು, ಅವರೂ ಬರತೊಡಗಿದರು. ಅವರ ಹೆಸರು ನಾನು ಅವತ್ತೇ ಮೊದಲು ನೋಡಿದ್ದು. ಅವರಾರೂ ಮಲ್ಲಪ್ಪನ ಮುಖ ಕಂಡವರಲ್ಲ, ತಿಕೋಂಡಿ ಎಲ್ಲಿದೆ ಎಂದು ಕೇಳಿದರೆ ನಕಾಶೆಯಲ್ಲಿ ತೋರಿಸಲಾರರು. ನನಗೆ ದೇವರ ಮುಂದೆ ನಿಂತಾಗಲೂ ಅಷ್ಟು ಬೆರಗಾಗಿಲ್ಲ. ಕೈಗಳು ತಾವಾಗಿಯೇ ಕೂಡಿಕೊಂಡವು.

ಮಾಡರೇಟರ್ ಆಗಿ ನಾನು ಮಾಡಿದ್ದು ಒಂದೇ ಕೆಲಸ. ಪ್ರತಿ ಬರಹದ ಅಡಿಗೆ ಅವರವರ ಸಹಿಯ ಸಾಲು ತಾನಾಗಿ ಬಂದು ಕೂಡುತ್ತಿತ್ತು, ‘ನಗ್ತಾ ಇರಿ’, ‘ಮತ್ತೆ ಸಿಗೋಣ’ ಎಂದೆಲ್ಲ. ಸಾವಿನ ಮನೆಯಲ್ಲಿ ಮತ್ತೆ ಸಿಗೋಣ ಅನ್ನಬಾರದಲ್ಲ. ಆ ಪುಟದಲ್ಲಿ ಸಹಿಗಳನ್ನು ಆರಿಸಿಬಿಟ್ಟೆ. ಅಲ್ಲ, ದೊಡ್ಡದು ಮಾಡಿದೆ.

ಗುರುವಾರ ಸಂಜೆಯಾದರೂ ಮೇಷ್ಟ್ರ ಹಾರೈಕೆ ಮಾತ್ರ ಹಾಗೇ ನಿಂತಿತ್ತು. ನನ್ನ ಸಂದೇಶವನ್ನು ಅವರು ಓದಿದ್ದು ಕಾಣುತ್ತಿತ್ತು, ಉತ್ತರ ಇಲ್ಲ. ಅಷ್ಟು ಮಂದಿ ತಲೆತಗ್ಗಿಸಿ ಕೂತ ನಡುವೆ ‘ವಂಶದ ದೀಪ ಬೆಳಗಲಿ’ ಎಂಬ ಪ್ರಾಸ. ಅಡ್ಮಿನ್ನರು ರಾತ್ರಿಗೆ ಹೇಗೂ ಅಳಿಸುವವರು, ಈಗಲೇ ನಾನೇ ಅಳಿಸಿದರೇನು ಎಂದು ಮೌಸನ್ನು ಅಳಿಸುವ ಗುಂಡಿಯ ಮೇಲೆ ಒಯ್ದದ್ದೂ ಉಂಟು. ಶೇಗಾಂವದ ಕೊನೆಯ ಬಸ್ಸಿಗೆ ಏಳುವ ಮೊದಲು ಇನ್ನೊಮ್ಮೆ ಪುಟ ಹೊಸದು ಮಾಡಿದೆ. ಹಾರೈಕೆಯ ನಾಲ್ಕು ಸಾಲು ಇದ್ದೇ ಇದ್ದವು. ಅವುಗಳ ಅಡಿಯಲ್ಲಿ ಮೇಷ್ಟ್ರು ಹೀಗೆ ಸೇರಿಸಿದ್ದರು:

‘ಮೇಲಿನದನ್ನು ಅರಿಯದೆ ಬರೆದೆ. ದೀಪ ದೊಡ್ಡದು ಮಾಡು ಎಂದು ನನ್ನ ತಾಯಿಯೂ ಅನ್ನುತ್ತಿದ್ದಳು, ನನಗೆ ಮರೆತುಹೋಗಿತ್ತು. ಅಳಿಸಿದರೆ ಬರೆದೇ ಇಲ್ಲ ಎಂದಂತಾಗುತ್ತದೆ, ಆ ಸುಳ್ಳು ಬೇಡ. ಮಲ್ಲಪ್ಪನವರೇ, ಬಂದು ಕುಂತೀನ್ರಿ.’

ಯಾವ ಮಾತಿಗೆ ತಿಂಗಳುಗಟ್ಟಲೆ ದೂರು ಒತ್ತಿದ್ದರೋ ಅದೇ ಮಾತು. ಅಡ್ಮಿನ್ನರಿಗೆ ಫೋನು ಮಾಡಿ, ಏನನ್ನೂ ಅಳಿಸಬೇಡಿ ಅಂದೆ. “ನಾನೂ ಈಗ ನೋಡಿದೆ. ಅಳಿಸುದಿಲ್ಲ ಮಾರಾಯ್ರೆ” ಅಂದರು.

ಶುಕ್ರವಾರ ಮಳೆ ಹೊಳವಾಗಿತ್ತು. ಪುಟದ ಕೆಳತುದಿಯಲ್ಲಿ ‘ಈಗ ಇಲ್ಲಿರುವವರು’ ಎಂದು ಹೆಸರು ತೋರಿಸುವ ಒಂದು ಪಟ್ಟಿ ಇರುತ್ತಿತ್ತು. ಬೆಳಿಗ್ಗೆಯಿಂದಲೇ ಅದರಲ್ಲಿ ಹೆಸರುಗಳು ತುಂಬಿಕೊಂಡಿದ್ದವು. ಅವನಿಗೆ ಶುಕ್ರವಾರ ಸುಟಿ ಎಂಬುದು ಎಲ್ಲರಿಗೂ ಗೊತ್ತು. ಯಾರೂ ಏನೂ ಬರೆಯುತ್ತಿರಲಿಲ್ಲ, ಯಾರೂ ಹೋಗುತ್ತಲೂ ಇರಲಿಲ್ಲ. ಮಧ್ಯಾಹ್ನ ಚಾಚಿ ನಮಾಜು ಮುಗಿಸಿ ಅಂಗಡಿ ತೆರೆದು ಬಳೆ ಜೋಡಿಸುತ್ತಿರುವಾಗ ಆ ಪಟ್ಟಿಯ ಕೊನೆಗೆ ‘ತಿಕೋಂಡ್ಯಾಂವ’ ಎಂದು ಮೂಡಿತು.

“ಚಾಚಿ, ಬಂದ” ಅಂದೆ.

“ಏನಾರ ಬರದಾನೇನು?”

“ಇಲ್ಲ. ಓದಾಕತ್ತಾನ.”

ಬಹಳ ಹೊತ್ತು ಹೆಸರು ಹಾಗೇ ಇತ್ತು. ಗಿರಾಕಿಯೊಬ್ಬ ಬಂದು ಪ್ರಿಂಟು ಕೇಳಿದ, ತಡಿ ಅಂದೆ. ಅವನು ಗೊಣಗಿಕೊಂಡು ಹೋದ. ಇದನ್ನೆಲ್ಲ ಓದಿ ಮುನಿದು ಎದ್ದುಹೋಗುತ್ತಾನೋ, ಮೇಷ್ಟ್ರ ಪ್ರಾಸದ ಹತ್ತಿರ ನಿಂತಿದ್ದಾನೋ, ಏನು ಅಂದುಕೊಳ್ಳುತ್ತಿದ್ದಾನೋ. ಪುಟ ಹೊಸದು ಮಾಡಿದೆ, ಕೆಳಗೆ ಹೊಸ ಉತ್ತರ ಏನೂ ಇರಲಿಲ್ಲ. ಇನ್ನೊಮ್ಮೆ ಮಾಡಿದೆ. ಈ ಸಲ ಮೇಲಿನ ಅವನ ಬರಹದಲ್ಲೇ ನಾಲ್ಕು ಸಾಲಿನ ಕೆಳಗೆ ಐದನೆಯದೊಂದು ಇತ್ತು, ಅದರಡಿ ‘ಬರೆದವರೇ ತಿದ್ದಿದ್ದಾರೆ’ ಎಂದಿತ್ತು.

‘ನಮ್ಮಪ್ಪ ಸತ್ತನ್ರೀ.’

ಊರಲ್ಲೇ ಇದ್ದಿದ್ದರೆ ಅಂಗಳಕ್ಕೆ ಬಂದ ಮೊದಲನೆಯವರನ್ನು ಕಂಡ ಕೂಡಲೇ ಅವನು ಕೂಗಿ ಅತ್ತುಬಿಡುತ್ತಿದ್ದ ಮಾತು ಅದು. ನಮ್ಮ ಕಡೆ ಆ ಕೂಗು ಮಂದಿ ಬಂದಾಗಲೇ ಹೊರಡುವುದು, ಒಬ್ಬರೇ ಇದ್ದಾಗ ಅಲ್ಲ. ನಾನು ಅದನ್ನು ಗಟ್ಟಿಯಾಗಿ ಓದಿದೆ. ಚಾಚಿಗೆ ಕೇಳಿಸಿತು. ಕೈಯಲ್ಲಿದ್ದ ಬಳೆಗಳನ್ನು ಕೆಳಗಿಟ್ಟಳು. ಎದ್ದು ಬಂದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಆ ಕಂಪ್ಯೂಟರಿನ ಮುಂದೆ ನನ್ನ ಪಕ್ಕ ಕುಂತಳು.